ಎಪ್ಪತ್ತು ಸಂಪುಟಗಳ ಬದುಕು: ಕಾನ್‌ಸ್ಟನ್ಸ್ ಗಾರ್ನೆಟ್

1878ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಸೇಂಟ್ ಪೀಟರ್ಸ್‌ಬರ್ಗಿನ ನಡುಬೀದಿಯಲ್ಲಿ ಯುವಕನೊಬ್ಬ ರಷ್ಯದ ರಾಜಕೀಯ ಪೊಲೀಸ್ ಪಡೆಯ ಮುಖ್ಯಸ್ಥ ಜನರಲ್ ಮೆಜೆಂತ್ಸೆವ್‌ನನ್ನು ಬಾಕುವಿನಿಂದ ಇರಿದು ಕೊಂದ. ಹತ್ತಿರದಲ್ಲೇ ಕಾದಿದ್ದ ಕುದುರೆಗಾಡಿ ಹತ್ತಿ ತಪ್ಪಿಸಿಕೊಂಡ. ಅವನ ಹೆಸರು ಸೆರ್ಗೈ ಕ್ರಾವ್‌ಚಿನ್‌ಸ್ಕಿ. ದೇಶದಿಂದ ದೇಶಕ್ಕೆ ಅಲೆದು 1880ರ ದಶಕದಲ್ಲಿ ಲಂಡನ್ ಸೇರಿದ ಆತ, ಅಲ್ಲಿ ಸ್ಟೆಪ್ನ್ಯಾಕ್ ಎಂಬ ಹೆಸರಿನಲ್ಲಿ ಬರೆಯುತ್ತ, ‘ಫ್ರೀ ರಷ್ಯಾ’ ಪತ್ರಿಕೆ ನಡೆಸುತ್ತ, ತ್ಸಾರ್ ದೊರೆಯ ದಬ್ಬಾಳಿಕೆಯ ವಿರುದ್ಧ ಇಂಗ್ಲೆಂಡಿನ ಜನಾಭಿಪ್ರಾಯ ಕೂಡಿಸತೊಡಗಿದ. ಆ ಹೋರಾಟ ಈಗ ಇತಿಹಾಸದ ಪುಸ್ತಕಗಳಿಗೆ ಸೇರಿದ್ದು. ಆದರೆ ಲಂಡನ್ನಿನಲ್ಲಿ ಅವನು ಮಾಡಿದ ಇನ್ನೊಂದು ಕೆಲಸದ ಫಲ ಇಂದಿಗೂ ಓದುಗರ ಕೈಯಲ್ಲಿದೆ. ರಷ್ಯನ್ ಭಾಷೆಯನ್ನು ಆಗಷ್ಟೇ ಕಲಿಯುತ್ತಿದ್ದ ಇಂಗ್ಲಿಷ್ ಹೆಣ್ಣುಮಗಳೊಬ್ಬರು ಅಳುಕುತ್ತಲೇ ಮಾಡಿದ ಮೊದಲ ಅನುವಾದವನ್ನು ಅವನು ಓದಿ ನೋಡಿದ. ಇದನ್ನು ಬಿಡಬೇಡಿ, ಪೂರ್ತಿ ಮಾಡಿ ಎಂದು ಒತ್ತಾಯಿಸಿದ.

ಆ ಹೆಣ್ಣುಮಗಳು ಕಾನ್‌ಸ್ಟನ್ಸ್ ಗಾರ್ನೆಟ್. ಮುಂದಿನ ನಲವತ್ತು ವರ್ಷಗಳಲ್ಲಿ ಅವರು ಸುಮಾರು 70 ಸಂಪುಟಗಳಷ್ಟು ರಷ್ಯನ್ ಸಾಹಿತ್ಯವನ್ನು ಇಂಗ್ಲಿಷಿಗೆ ತಂದರು. ತುರ್ಗೆನೆವ್, ಟಾಲ್‌ಸ್ಟಾಯ್, ದಾಸ್ತೋವ್‌ಸ್ಕಿ, ಚೆಕಾಫ್, ಗೊಗೋಲ್, ಹೆರ್ಜೆನ್ — ಇಷ್ಟು ಜನರೂ ಒಬ್ಬರ ಕೈಯಿಂದಲೇ ಇನ್ನೊಂದು ಭಾಷೆಗೆ ದಾಟಿದರು.

ಕಾನ್‌ಸ್ಟನ್ಸ್ ಕ್ಲಾರಾ ಬ್ಲ್ಯಾಕ್ ಹುಟ್ಟಿದ್ದು 1861ರ ಡಿಸೆಂಬರ್ 19ರಂದು, ಇಂಗ್ಲೆಂಡಿನ ಕಡಲತಡಿಯ ಬ್ರೈಟನ್ ಊರಿನಲ್ಲಿ. ಎಂಟು ಮಕ್ಕಳ ಸಂಸಾರ. ತಂದೆ ವಕೀಲರು. ಬಾಲ್ಯದಲ್ಲೇ ಕ್ಷಯ ಸೊಂಟದ ಮೂಳೆಗೆ ತಗುಲಿ ಹುಡುಗಿ ವರ್ಷಗಟ್ಟಲೆ ನಡೆಯಲಾಗದೆ ಮಲಗಿದ್ದಳು. ಕಣ್ಣಿನ ದೃಷ್ಟಿಯೂ ಮೊದಲಿನಿಂದ ಮಂದ. ತಂದೆಗೆ ಪಾರ್ಶ್ವವಾಯು ಬಡಿಯಿತು. ಅವರನ್ನು ಕುರ್ಚಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಕುರ್ಚಿಗೆ ಎತ್ತಿ ಎತ್ತಿ ದಣಿದ ತಾಯಿ 1875ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮನೆಯ ಭಾರ ಅಕ್ಕ ಕ್ಲೆಮೆಂಟಿನಾಳ ಹೆಗಲಿಗೆ ಬಿತ್ತು. ಈ ಕ್ಲೆಮೆಂಟಿನಾ ಬ್ಲ್ಯಾಕ್ ಮುಂದೆ ಕಾದಂಬರಿಗಾರ್ತಿಯಾಗಿಯೂ ಹೆಣ್ಣು ಕಾರ್ಮಿಕರ ಸಂಘಟಕಿಯಾಗಿಯೂ ಹೆಸರಾದರು.

ಇಷ್ಟೆಲ್ಲ ಕಷ್ಟದ ನಡುವೆ ಕಾನ್‌ಸ್ಟನ್ಸ್ ವಿದ್ಯಾರ್ಥಿವೇತನ ಗೆದ್ದು 1879ರಲ್ಲಿ, ಇನ್ನೂ 17ರ ವಯಸ್ಸಿನಲ್ಲಿ, ಕೇಂಬ್ರಿಜ್‌ನ ನ್ಯೂನಂ ಕಾಲೇಜು ಸೇರಿದರು. ಓದಿದ್ದು ಗ್ರೀಕ್ ಮತ್ತು ಲ್ಯಾಟಿನ್. 1883ರಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದರೂ ಪದವಿ ಸಿಗಲಿಲ್ಲ. ಹೆಂಗಸರು ಪರೀಕ್ಷೆಗೆ ಕೂರಬಹುದಿತ್ತು, ಪದವಿ ಪಡೆಯುವಂತಿರಲಿಲ್ಲ. ಕೇಂಬ್ರಿಜ್ ಆ ಬಾಗಿಲು ತೆರೆದದ್ದು 1948ರಲ್ಲಿ, ಕಾನ್‌ಸ್ಟನ್ಸ್ ತೀರಿಕೊಂಡ ಮೇಲೆ. ಲಂಡನ್ನಿಗೆ ಬಂದ ಅವರು ಮೊದಲು ಮಕ್ಕಳಿಗೆ ಮನೆಪಾಠ ಹೇಳಿದರು. ಆಮೇಲೆ ಬಡ ದುಡಿಯುವ ಜನರೇ ತುಂಬಿದ್ದ ಈಸ್ಟ್ ಎಂಡ್ ಭಾಗದಲ್ಲಿ ಪೀಪಲ್ಸ್ ಪ್ಯಾಲೇಸ್ ಎಂಬ ಸಾರ್ವಜನಿಕ ಸಂಸ್ಥೆಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. 1889ರಲ್ಲಿ ಎಡ್ವರ್ಡ್ ಗಾರ್ನೆಟ್ ಅವರನ್ನು ಮದುವೆಯಾದರು. ಎಡ್ವರ್ಡ್ ಅವರ ತಂದೆ ರಿಚರ್ಡ್ ಗಾರ್ನೆಟ್ ಬ್ರಿಟಿಷ್ ಮ್ಯೂಸಿಯಂನ ಮುದ್ರಿತ ಪುಸ್ತಕಗಳ ವಿಭಾಗದ ಮುಖ್ಯಸ್ಥರು. ಎಡ್ವರ್ಡ್ ಪ್ರಕಾಶಕರಿಗೆ ಬರುವ ಹಸ್ತಪ್ರತಿಗಳನ್ನು ಓದಿ ಯಾವುದು ಅಚ್ಚಾಗಬೇಕೆಂದು ಹೇಳುವವರು. ಜೋಸೆಫ್ ಕಾನ್ರಾಡ್, ಡಿ.ಎಚ್. ಲಾರೆನ್ಸ್ ಮೊದಲಾದವರನ್ನು ಬರವಣಿಗೆಯ ಆರಂಭದಲ್ಲೇ ಗುರುತಿಸಿ ಕೈಹಿಡಿದವರು.

1891ರ ಬೇಸಿಗೆಯಲ್ಲಿ ಕಾನ್‌ಸ್ಟನ್ಸ್ ಬಸುರಿ. ಮೈಯಲ್ಲಿ ಆರಾಮಿರಲಿಲ್ಲ, ಓಡಾಟ ಕಡಿಮೆಯಾಗಿತ್ತು. ಆ ದಿನಗಳಲ್ಲಿ ಅವರ ಮನೆಗೆ ಬಂದವನು ಫೆಲಿಕ್ಸ್ ವೊಲ್ಖೊವ್‌ಸ್ಕಿ. ಸೈಬೀರಿಯದ ಗಡಿಪಾರು ಶಿಕ್ಷೆಯಿಂದ ತಪ್ಪಿಸಿಕೊಂಡು ಲಂಡನ್ ತಲುಪಿದ್ದ ಕ್ರಾಂತಿಕಾರಿ. ಅವನೇ ರಷ್ಯನ್ ಕಲಿಯಿರಿ ಎಂದು ಹೇಳಿ ವ್ಯಾಕರಣದ ಪುಸ್ತಕವನ್ನೂ ನಿಘಂಟನ್ನೂ ಕೊಟ್ಟ. ಗ್ರೀಕ್ ಮತ್ತು ಲ್ಯಾಟಿನ್ ಓದಿದ್ದ ಕಾನ್‌ಸ್ಟನ್ಸ್ ಅವರಿಗೆ ವಿಭಕ್ತಿ, ಕ್ರಿಯಾರೂಪಗಳ ಕಾಡು ಹೊಸದೇನಲ್ಲ. ಶಾಲೆಯಿಲ್ಲದೆ, ತರಗತಿಯಿಲ್ಲದೆ, ನಿಘಂಟಿನ ಪುಟ ಮಗುಚುತ್ತ ಒಂದೊಂದೇ ವಾಕ್ಯ ಬಿಡಿಸಿಕೊಂಡು ಓದತೊಡಗಿದರು. 1892ರ ಮಾರ್ಚ್‌ನಲ್ಲಿ ಮಗ ಡೇವಿಡ್ ಹುಟ್ಟಿದ. ಗೊಂಚರೊವ್ ಬರೆದ ‘ಸಾಮಾನ್ಯ ಕಥೆ’ ಕಾದಂಬರಿಯ ಅನುವಾದವೂ ಸಾಗಿತು. ಸ್ಟೆಪ್ನ್ಯಾಕ್ ಕೈಗೆ ಸಿಕ್ಕಿದ್ದು ಅದೇ.

1894ರಲ್ಲಿ ವಿಲಿಯಂ ಹೈನ್‌ಮನ್ ಅದನ್ನು ಪ್ರಕಟಿಸಿದರು. ಅದೇ ವರ್ಷ ಕಾನ್‌ಸ್ಟನ್ಸ್ ಅನುವಾದಿಸಿದ ಟಾಲ್‌ಸ್ಟಾಯ್ ಕೃತಿಯೊಂದೂ ಹೊರಬಂತು: ‘ದೇವರ ರಾಜ್ಯ ನಿನ್ನೊಳಗೇ ಇದೆ’. ಸರ್ಕಾರ, ಸೈನ್ಯ, ಚರ್ಚು ಮೂರನ್ನೂ ನೇರವಾಗಿ ಪ್ರಶ್ನಿಸಿದ ಈ ಪುಸ್ತಕ ರಷ್ಯದಲ್ಲಿ ನಿಷೇಧಕ್ಕೊಳಗಾಗಿತ್ತು. ಮೂಲವೇ ಹೊರದೇಶದಲ್ಲಿ ಅಚ್ಚಾಗಬೇಕಾಯಿತು. ಸಾಗರದಾಚೆ ದಕ್ಷಿಣ ಆಫ್ರಿಕದಲ್ಲಿ ಯುವ ವಕೀಲ ಮೋಹನದಾಸ ಗಾಂಧಿ ಆ ಕೃತಿಯನ್ನು ಇಂಗ್ಲಿಷಿನಲ್ಲಿ ಓದಿ ಕಲಕಿಹೋದದ್ದು ಅದೇ ಕಾಲದಲ್ಲಿ. ಒಂದು ಭಾಷೆಯಲ್ಲಿ ಬಾಯಿ ಮುಚ್ಚಿಸಿದ ಮಾತನ್ನು ಇನ್ನೊಂದು ಭಾಷೆ ಎತ್ತಿಕೊಂಡು ಹೋಗಿ ಬೇರೊಂದು ಖಂಡದಲ್ಲಿ ನೆಟ್ಟಿತು. ಅನುವಾದವೆಂಬ ಕೆಲಸ ಇಪ್ಪತ್ತನೆಯ ಶತಮಾನಕ್ಕೆ ಏನು ಮಾಡಿಕೊಟ್ಟಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1894ರ ಆರಂಭದ ಕಡುಚಳಿಯಲ್ಲಿ, ಎರಡು ವರ್ಷ ತುಂಬದ ಮಗುವನ್ನು ಮನೆಯಲ್ಲಿ ಬಿಟ್ಟು, ಕಾನ್‌ಸ್ಟನ್ಸ್ ಒಬ್ಬರೇ ರಷ್ಯಕ್ಕೆ ಹೊರಟರು. ಪೀಟರ್ಸ್‌ಬರ್ಗ್, ಮಾಸ್ಕೊ ನೋಡಿದರು. ಟಾಲ್‌ಸ್ಟಾಯ್‌ನನ್ನು ಭೇಟಿಯಾದರು. ಪುಸ್ತಕದಲ್ಲಷ್ಟೇ ಕಂಡಿದ್ದ ಹಿಮದ ಹಾದಿ, ಹಳ್ಳಿ, ಜನರ ಮಾತು ಕಣ್ಣಿಗೂ ಕಿವಿಗೂ ಬಿದ್ದವು. ಮರಳಿ ಬಂದು ಕೈಗೆತ್ತಿಕೊಂಡದ್ದು ತುರ್ಗೆನೆವ್‌ನನ್ನು.

ಇಲ್ಲಿಂದ ಅವರ ಕೆಲಸದ ಸ್ವರೂಪವೇ ಬೇರೆಯಾಯಿತು. ಅವರಿಗಿಂತ ಮೊದಲು ಇಂಗ್ಲಿಷಿನಲ್ಲಿ ರಷ್ಯನ್ ಸಾಹಿತ್ಯ ಇರಲಿಲ್ಲವೆಂದಲ್ಲ. ತುರ್ಗೆನೆವ್ ಬದುಕಿದ್ದಾಗಲೇ ಅವನ ಕೆಲವು ಕಾದಂಬರಿಗಳು ಬಂದಿದ್ದವು. ಅಮೆರಿಕದ ನೇಥನ್ ಹ್ಯಾಸ್ಕೆಲ್ ಡೋಲ್ ಟಾಲ್‌ಸ್ಟಾಯ್‌ನನ್ನು ಅನುವಾದಿಸಿದ್ದರು. ಫ್ರೆಡರಿಕ್ ವಿಶಾ 1886ರಲ್ಲೇ ‘ಅಪರಾಧ ಮತ್ತು ಶಿಕ್ಷೆ’ಯನ್ನು ಇಂಗ್ಲಿಷಿಗೆ ತಂದಿದ್ದರು. ಆದರೆ ಇವೆಲ್ಲ ಅಲ್ಲೊಂದು ಇಲ್ಲೊಂದು. ಎಷ್ಟೋ ಪುಸ್ತಕಗಳು ಫ್ರೆಂಚಿನ ಮೂಲಕ ಸುತ್ತುಬಳಸಿ ಬಂದವು. ಕಾನ್‌ಸ್ಟನ್ಸ್ ಮಾತ್ರ ಒಬ್ಬ ಲೇಖಕನನ್ನು ಹಿಡಿದರೆ ಅವನ ಕಥನ ಸಾಹಿತ್ಯವನ್ನು ಪೂರ್ತಿಯಾಗಿ, ನೇರ ರಷ್ಯನ್ನಿನಿಂದ ತರಬೇಕೆಂದು ಕೂತರು. 1894ರಿಂದ 1899ರೊಳಗೆ ತುರ್ಗೆನೆವ್‌ನ 15 ಸಂಪುಟಗಳು ಬಂದವು. ‘ರುದಿನ್’ ಮೊದಲಾದ ಆರಂಭದ ಸಂಪುಟಗಳಿಗೆ ಸ್ಟೆಪ್ನ್ಯಾಕ್ ಮುನ್ನುಡಿ ಬರೆದ. 1895ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ರೈಲುಹಳಿ ದಾಟುವಾಗ ಗಾಡಿಗೆ ಸಿಕ್ಕಿ ಅವನು ಸತ್ತ. ಕಾನ್‌ಸ್ಟನ್ಸ್ ಗುರುವನ್ನೂ ಆಪ್ತನನ್ನೂ ಒಟ್ಟಿಗೇ ಕಳೆದುಕೊಂಡರು. ಮುನ್ನುಡಿಗಳ ಕೆಲಸವನ್ನು ಎಡ್ವರ್ಡ್ ವಹಿಸಿಕೊಂಡರು, ಅನುವಾದ ನಿಲ್ಲಲಿಲ್ಲ.

ಹೀಗೆ ಇಡಿಯಾಗಿ ತರುವುದರ ಬೆಲೆ ಓದುಗನಿಗೆ ಗೊತ್ತಾಗುತ್ತದೆ. ತುರ್ಗೆನೆವ್‌ನ ‘ತಂದೆಯರು ಮತ್ತು ಮಕ್ಕಳು’ ಒಂದನ್ನೇ ಓದಿದವನಿಗೆ ಬಜಾರೊವ್ ಎಂಬ ಸಿಟ್ಟಿನ ಯುವಕ ಸಿಗುತ್ತಾನೆ. ಅದರ ಹಿಂದೆ ‘ಬೇಟೆಗಾರನ ಚಿತ್ರಗಳು’ ಓದಿದವನಿಗೆ ಆ ಸಿಟ್ಟು ಬೆಳೆದ ನೆಲ, ಜೀತದ ರೈತ, ಜಮೀನ್ದಾರನ ಅಂಗಳ, ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಒಂದು ಸಮಾಜ ತಿರುಗಿಕೊಂಡ ಬಗೆ ಎಲ್ಲ ಕಾಣುತ್ತದೆ. ಒಬ್ಬ ಲೇಖಕನ ಸೋತ ಪುಸ್ತಕ, ಗೆದ್ದ ಪುಸ್ತಕ, ಅವನು ಮತ್ತೆ ಮತ್ತೆ ಮರಳುವ ವಿಷಯ ಎಲ್ಲವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುವ ಅವಕಾಶ ಇಂಗ್ಲಿಷ್ ಬರಹಗಾರರಿಗೆ ಸಿಕ್ಕಿತು. ಅದರಿಂದ ಕಲಿತವರಲ್ಲಿ ಮೊದಲಿಗರು ಕಾನ್ರಾಡ್. ತಮ್ಮ ಪಾಲಿಗೆ ತುರ್ಗೆನೆವ್ ಎಂದರೆ ಕಾನ್‌ಸ್ಟನ್ಸ್ ಗಾರ್ನೆಟ್ ಎಂದೇ ಅವರು ಹೇಳುತ್ತಿದ್ದರು.

1896ರ ಹೊತ್ತಿಗೆ ಗಾರ್ನೆಟ್ ದಂಪತಿ ಲಂಡನ್ ಬಿಟ್ಟು ಸರ್ರಿ ಮತ್ತು ಕೆಂಟ್ ಪ್ರಾಂತಗಳ ಗಡಿಯ ಕಾಡಂಚಿನಲ್ಲಿ ಕಟ್ಟಿಸಿಕೊಂಡ ‘ದಿ ಸರ್ನ್’ ಎಂಬ ಕಲ್ಲಿನ ಮನೆಗೆ ಬಂದರು. ಎಡ್ವರ್ಡ್ ಕೆಲಸದ ನಿಮಿತ್ತ ಹೆಚ್ಚಾಗಿ ಲಂಡನ್ನಿನಲ್ಲಿರುತ್ತಿದ್ದರು. ಕಾಲಕ್ರಮದಲ್ಲಿ ಅವರ ಬದುಕು ಚಿತ್ರಕಲಾವಿದೆ ನೆಲ್ಲಿ ಹೀತ್ ಜೊತೆಗೆ ಸಾಗಿತು. ಆದರೂ ಗಂಡಹೆಂಡಿರ ಸ್ನೇಹ ಮುರಿಯಲಿಲ್ಲ, ಓದು ಬರಹದ ನಂಟು ಕೊನೆಯವರೆಗೂ ಉಳಿಯಿತು. ಮನೆ, ಮಗ, ತೋಟ, ಅನುವಾದ ನಾಲ್ಕನ್ನೂ ಕಾನ್‌ಸ್ಟನ್ಸ್ ನೋಡಿಕೊಂಡರು. ಆ ತೋಟದಲ್ಲಿ ಅವರು ಕೆಲಸ ಮಾಡುತ್ತಿದ್ದ ರೀತಿಯನ್ನು ಡಿ.ಎಚ್. ಲಾರೆನ್ಸ್ ಕಣ್ಣಾರೆ ಕಂಡು ನೆನಪಿಟ್ಟುಕೊಂಡಿದ್ದರು. ಒಂದು ಹಾಳೆ ಮುಗಿಯುತ್ತಲೇ ತಲೆಯೆತ್ತದೆ ಅದನ್ನು ಪಕ್ಕದ ನೆಲಕ್ಕೆ ಹಾಕಿ ಇನ್ನೊಂದಕ್ಕೆ ಕೈಹಾಕುವರು. ಹಾಳೆಗಳ ಗುಡ್ಡೆ ಮೊಳಕಾಲೆತ್ತರಕ್ಕೆ ಬಂದಿರುತ್ತಿತ್ತು. ಇಂಥ ಕೂಲಿಗೆ ಲೆಕ್ಕ ಸಾವಿರ ಪದಕ್ಕೆ ಇಷ್ಟು ಶಿಲ್ಲಿಂಗ್ ಎಂಬಂತೆ. ಪುಸ್ತಕ ಎಷ್ಟು ಹೆಸರು ಮಾಡಿದರೂ ಅನುವಾದಕಿಯ ಕೈಗೆ ಬಂದದ್ದು ಅಲ್ಪ.

1901ರಲ್ಲಿ ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ ಬಂತು. 1904ರಲ್ಲಿ ‘ಯುದ್ಧ ಮತ್ತು ಶಾಂತಿ’. ಸಾವಿರಕ್ಕೂ ಮಿಕ್ಕ ಪುಟಗಳ ಆ ಕಾದಂಬರಿ ಮುಗಿಯುವ ಹೊತ್ತಿಗೆ ಮೊದಲೇ ಸೋತಿದ್ದ ಕಣ್ಣು ಹೆಚ್ಚುಕಡಿಮೆ ಕೈಕೊಟ್ಟಿತು. ಅಚ್ಚಿನ ಸಣ್ಣಕ್ಷರ ಓದುವುದೇ ದುಸ್ತರವಾಯಿತು. ಅದೇ ಬೇಸಿಗೆಯಲ್ಲಿ, ರಷ್ಯ ಮತ್ತು ಜಪಾನ್ ಯುದ್ಧ ನಡೆಯುತ್ತಿರುವಾಗಲೇ, ಹನ್ನೆರಡರ ಮಗ ಡೇವಿಡ್‌ನನ್ನು ಕರೆದುಕೊಂಡು ಎರಡನೆಯ ಸಲ ರಷ್ಯಕ್ಕೆ ಹೋಗಿಬಂದರು.

ಕಣ್ಣು ಸೋತಾಗ ಕೆಲಸ ಬಿಡಬಹುದಿತ್ತು. ಕಾನ್‌ಸ್ಟನ್ಸ್ ಕೆಲಸದ ಕ್ರಮವನ್ನೇ ಬದಲಿಸಿದರು. ರಷ್ಯನ್ ಬಲ್ಲವರೊಬ್ಬರು ಮೂಲವನ್ನು ವಾಕ್ಯ ವಾಕ್ಯವಾಗಿ ಗಟ್ಟಿಯಾಗಿ ಓದಬೇಕು. ಕಾನ್‌ಸ್ಟನ್ಸ್ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಬೇಕು. ಹೇಳಿದ್ದನ್ನು ಬರೆದುಕೊಳ್ಳಬೇಕು. ಸಂದೇಹ ಬಂದಲ್ಲಿ ನಿಲ್ಲಿಸಿ, ಮತ್ತೆ ಓದಿಸಿ, ತಿದ್ದಿ ಮುಂದೆ ಹೋಗಬೇಕು. ಈ ಕೆಲಸದಲ್ಲಿ ಅವರಿಗೆ ಬಹುಕಾಲ ಜೊತೆಯಾದವರು ನಟಾಲಿ ಡಡಿಂಗ್‌ಟನ್. ರಷ್ಯದ ಕಾದಂಬರಿಕಾರ ಅಲೆಕ್ಸಾಂಡರ್ ಎರ್ಟೆಲ್‌ನ ಮಗಳು, 1906ರಲ್ಲಿ ಇಂಗ್ಲೆಂಡಿಗೆ ಬಂದವರು, ಮುಂದೆ ತಾವೇ ಒಳ್ಳೆಯ ಅನುವಾದಕಿಯೆನಿಸಿದವರು. ಕಿವಿಯಿಂದ ಕೇಳಿ ಬಾಯಿಂದ ಹೇಳಿದ ಈ ಅನುವಾದಗಳು ಸರಾಗವಾಗಿ ಓದಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಕಾನ್‌ಸ್ಟನ್ಸ್ ವಾಕ್ಯವನ್ನು ಉಸಿರಿನ ಅಳತೆಗೆ ಕಟ್ಟುತ್ತಿದ್ದರು.

ಹೀಗೆ ಕತ್ತಲಾಗುತ್ತಿದ್ದ ಕಣ್ಣಿನಲ್ಲೇ ಅವರು ತಮ್ಮ ಅತಿ ದೊಡ್ಡ ಸಾಹಸಕ್ಕೆ ಇಳಿದರು. ದಾಸ್ತೋವ್‌ಸ್ಕಿ ಸತ್ತು ಮೂವತ್ತು ವರ್ಷವಾಗಿದ್ದರೂ ಇಂಗ್ಲಿಷಿನಲ್ಲಿ ಅವನಿಗೆ ನೆಲೆಯಿರಲಿಲ್ಲ. ಹಳೆಯ ಅನುವಾದಗಳು ಮೂಲೆ ಸೇರಿದ್ದವು. ‘ಕರಮಜೊವ್ ಸಹೋದರರು’ ಇಂಗ್ಲಿಷಿಗೆ ಬಂದೇ ಇರಲಿಲ್ಲ. ಅವನ ಕೃತಿಗಳನ್ನು ಸಮಗ್ರವಾಗಿ ತರಬೇಕೆಂದು ಕಾದಂಬರಿಕಾರ ಆರ್ನಲ್ಡ್ ಬೆನೆಟ್ ಪತ್ರಿಕೆಯಲ್ಲಿ ಒತ್ತಾಯಿಸಿದ್ದರು. 1912ರಲ್ಲಿ ಹೈನ್‌ಮನ್ ಪ್ರಕಟಿಸಿದ ಕಾನ್‌ಸ್ಟನ್ಸ್ ಅವರ ‘ಕರಮಜೊವ್ ಸಹೋದರರು’ ಆ ಕಾದಂಬರಿಯ ಮೊಟ್ಟಮೊದಲ ಇಂಗ್ಲಿಷ್ ಅನುವಾದ. ಅದರ ಬೆನ್ನಿಗೇ ‘ಈಡಿಯಟ್’, ‘ಅಪರಾಧ ಮತ್ತು ಶಿಕ್ಷೆ’, ಸೈಬೀರಿಯದ ಸೆರೆಮನೆಯ ಕಥನ ಒಂದೊಂದಾಗಿ ಬಂದವು. 1920ರ ಹೊತ್ತಿಗೆ 12 ಸಂಪುಟಗಳು ಪೂರ್ತಿಯಾದವು. ನಡುವೆ ಮಹಾಯುದ್ಧ ಬಂತು, ರಷ್ಯದಲ್ಲಿ ಕ್ರಾಂತಿಯಾಯಿತು, ಅವರು ಕಂಡಿದ್ದ ಹಳೆಯ ರಷ್ಯವೇ ಅಳಿಸಿಹೋಯಿತು. ಸಂಪುಟಗಳು ಬರುತ್ತಲೇ ಇದ್ದವು.

ಯುರೋಪಿನ ಮೇಲೆ ಬಾಂಬು ಬೀಳುತ್ತಿದ್ದ ಆ ವರ್ಷಗಳಲ್ಲಿ ಇಂಗ್ಲಿಷ್ ಓದುಗರು ದಾಸ್ತೋವ್‌ಸ್ಕಿಯನ್ನು ಹಸಿದವರಂತೆ ಓದಿದರು. ಅಚ್ಚುಕಟ್ಟಾದ ಕಥಾವಸ್ತು, ಮರ್ಯಾದಸ್ಥ ಪಾತ್ರಗಳ ಕಾದಂಬರಿಗೆ ಒಗ್ಗಿದ್ದವರ ಮುಂದೆ ಕೊಲೆಗಾರ, ಮೂರ್ಛೆರೋಗಿ, ಸಂತ, ಕುಡುಕ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ದೇವರ ಬಗ್ಗೆ ವಾದಿಸುವ ಜಗತ್ತು ತೆರೆದುಕೊಂಡಿತು. 1916ರಿಂದ 1922ರವರೆಗೆ ಚೆಕಾಫ್‌ನ ಕಥೆಗಳು 13 ಸಂಪುಟಗಳಲ್ಲಿ ಬಂದಾಗ ಸಣ್ಣಕಥೆಯ ಕಲ್ಪನೆಯೇ ಬದಲಾಯಿತು. ಏನೂ ನಡೆಯದಂತೆ ಕಾಣುವ ಕಥೆಯಲ್ಲೂ ಒಂದು ಜೀವದ ಸಂಕಟವನ್ನೆಲ್ಲ ಹೇಳಬಹುದು ಎಂದು ಇಂಗ್ಲಿಷ್ ಕತೆಗಾರರು ಕಂಡುಕೊಂಡದ್ದು ಇಲ್ಲಿ. ಚೆಕಾಫ್‌ನ ‘ಚೆರ್ರಿ ತೋಟ’ ಅದಕ್ಕೂ ಮುಂಚೆ 1911ರಲ್ಲೇ ಅವರ ಅನುವಾದದಲ್ಲಿ ಲಂಡನ್ ರಂಗಭೂಮಿ ಹತ್ತಿತ್ತು. ಕ್ಷಯದಿಂದ ನರಳುತ್ತಿದ್ದ ಕತೆಗಾರ್ತಿ ಕ್ಯಾಥರಿನ್ ಮ್ಯಾನ್ಸ್‌ಫೀಲ್ಡ್ 1921ರಲ್ಲಿ ಕಾನ್‌ಸ್ಟನ್ಸ್ ಅವರಿಗೆ ಪತ್ರ ಬರೆದು, ತಮ್ಮ ಪೀಳಿಗೆ ಈ ಅನುವಾದಗಳಿಗೆ ಎಷ್ಟು ಋಣಿ ಎಂದು ಹೇಳಿಕೊಂಡರು. ಪ್ಯಾರಿಸ್ಸಿನಲ್ಲಿ ಬಡತನದ ದಿನಗಳಲ್ಲಿ ಪುಸ್ತಕ ಎರವಲು ತಂದು ಓದುತ್ತಿದ್ದ ಕಾದಂಬರಿಕಾರ ಹೆಮಿಂಗ್ವೆ, ಕಾನ್‌ಸ್ಟನ್ಸ್ ಅವರ ಅನುವಾದ ಸಿಗುವವರೆಗೆ ‘ಯುದ್ಧ ಮತ್ತು ಶಾಂತಿ’ಯನ್ನು ಮುಗಿಸಲು ತಮ್ಮಿಂದ ಆಗಿರಲಿಲ್ಲವೆಂದು ನೆನೆದಿದ್ದಾರೆ.

ಅರವತ್ತು ದಾಟಿದ ಮೇಲೂ ಅವರು ಸುಮ್ಮನಾಗಲಿಲ್ಲ. 1922ರಿಂದ 1928ರ ನಡುವೆ ಗೊಗೋಲ್‌ನ 6 ಸಂಪುಟ, ಅದೇ ಅವಧಿಯಲ್ಲಿ ಹೆರ್ಜೆನ್‌ನ ಬೃಹತ್ ಆತ್ಮಕಥನ, 1934ರಲ್ಲಿ ತುರ್ಗೆನೆವ್‌ನ ನಾಟಕಗಳು ಬಂದವು. ಅಲ್ಲಿಗೆ ಲೇಖನಿ ಕೆಳಗಿಟ್ಟರು. 1937ರಲ್ಲಿ ಎಡ್ವರ್ಡ್ ತೀರಿಕೊಂಡರು. 1946ರ ಡಿಸೆಂಬರ್ 17ರಂದು ‘ದಿ ಸರ್ನ್’ ಮನೆಯಲ್ಲೇ ಕಾನ್‌ಸ್ಟನ್ಸ್ ಕಣ್ಣು ಮುಚ್ಚಿದರು. 85 ತುಂಬಲು ಎರಡೇ ದಿನ ಉಳಿದಿತ್ತು.

ಅವರ ಕೆಲಸದ ಮೇಲಿನ ಆರೋಪಗಳು ಸಣ್ಣವಲ್ಲ. ರಷ್ಯದ ವಿಮರ್ಶಕ ಕೊರ್ನೈ ಚುಕೊವ್‌ಸ್ಕಿ, ದಾಸ್ತೋವ್‌ಸ್ಕಿಯ ಉದ್ವೇಗ, ತಡವರಿಕೆ, ಉಸಿರುಗಟ್ಟಿಸುವ ಪುನರುಕ್ತಿಗಳನ್ನೆಲ್ಲ ಅವರು ತಟ್ಟಿ ಸಮ ಮಾಡಿಬಿಟ್ಟರು ಎಂದು ದೂರಿದರು. ಅಮೆರಿಕದಲ್ಲಿ ‘ಅನ್ನಾ ಕರೆನಿನಾ’ ಪಾಠ ಮಾಡುತ್ತಿದ್ದ ಕಾದಂಬರಿಕಾರ ನಬೊಕೊವ್ ತಮ್ಮ ಗಾರ್ನೆಟ್ ಪ್ರತಿಯ ಅಂಚಿನ ತುಂಬ ಸಿಡುಕಿನ ತಿದ್ದುಪಡಿ ಗೀಚಿದ್ದರು. ಇಂಗ್ಲಿಷ್ ಓದುಗರಿಗೆ ಟಾಲ್‌ಸ್ಟಾಯ್‌ಗೂ ದಾಸ್ತೋವ್‌ಸ್ಕಿಗೂ ವ್ಯತ್ಯಾಸ ತಿಳಿಯದಿರಲು ಕಾರಣ, ಅವರು ಓದುತ್ತಿರುವುದು ಇಬ್ಬರನ್ನೂ ಅಲ್ಲ, ಗಾರ್ನೆಟ್ ಅವರನ್ನು ಎಂಬುದು ಕವಿ ಜೋಸೆಫ್ ಬ್ರಾಡ್‌ಸ್ಕಿಯ ಟೀಕೆ. ಅರ್ಥವಾಗದ ಕಡೆ ಅವರು ಪದವನ್ನೋ ಸಾಲನ್ನೋ ಹಾರಿಸಿ ಮುಂದೆ ಹೋದದ್ದೂ ಉಂಟು.

ಈ ಆರೋಪಗಳಲ್ಲಿ ನಿಜವಿದೆ. ಕಾನ್‌ಸ್ಟನ್ಸ್ ಅದನ್ನು ಮುಚ್ಚಿಟ್ಟವರಲ್ಲ. ರಷ್ಯನ್ನರಲ್ಲಿ ಅನುವಾದಕ್ಕೆ ಅತಿ ಕಷ್ಟದವನು ತುರ್ಗೆನೆವ್, ಏಕೆಂದರೆ ಅವನ ಶೈಲಿ ಎಲ್ಲರಿಗಿಂತ ಸುಂದರ ಎಂಬುದು ಅವರ ಅನುಭವ. ದಾಸ್ತೋವ್‌ಸ್ಕಿಯ ಬರವಣಿಗೆಯಲ್ಲಿ ಗೊಂದಲವೂ ಅಜಾಗರೂಕತೆಯೂ ಇರುವುದರಿಂದ ಅನುವಾದಿಸುವಾಗ ಅದನ್ನು ತಿಳಿಯಾಗಿಸದೆ ಇರಲಾಗುವುದಿಲ್ಲ ಎಂದೂ ಅವರು ಹೇಳಿದ್ದರು. ಇಂದಿನ ಅನುವಾದಕರು ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ದಾಸ್ತೋವ್‌ಸ್ಕಿಯ ಗೊಂದಲ ಅವನ ಪಾತ್ರಗಳ ಒಳಗಿನ ಗೊಂದಲ. ಅದನ್ನು ತಿಳಿಗೊಳಿಸಿದರೆ ಪಾತ್ರವೇ ಮಂಕಾಗುತ್ತದೆ. ತುರ್ಗೆನೆವ್, ಚೆಕಾಫ್ ವಿಷಯದಲ್ಲಿ ಅವರ ಹದವಾದ ಗದ್ಯ ಎಷ್ಟು ಹೊಂದಿಕೊಂಡಿತೋ ದಾಸ್ತೋವ್‌ಸ್ಕಿ, ಗೊಗೋಲ್ ವಿಷಯದಲ್ಲಿ ಅಷ್ಟು ಹೊಂದಲಿಲ್ಲ.

ಆದರೆ ಒಂದು ಮಾತು ಗಮನಿಸಬೇಕು. ಬ್ರಾಡ್‌ಸ್ಕಿಯ ದೂರು ಹುಟ್ಟಬೇಕಾದರೆ ಟಾಲ್‌ಸ್ಟಾಯ್ ಮತ್ತು ದಾಸ್ತೋವ್‌ಸ್ಕಿ ಇಬ್ಬರೂ ಒಂದೇ ಕಪಾಟಿನಲ್ಲಿ, ಇಡಿಯಾಗಿ, ಕೈಗೆಟಕುವಂತೆ ಇರಬೇಕಿತ್ತು. ಹಾಗೆ ಇಟ್ಟವರು ಕಾನ್‌ಸ್ಟನ್ಸ್. ಒಂದೇ ದನಿಯಾಯಿತು ಎಂಬ ದೋಷವೂ, ಒಂದು ಸಾಹಿತ್ಯ ಪೂರ್ತಿಯಾಗಿ ದಕ್ಕಿತು ಎಂಬ ಗುಣವೂ ಒಂದೇ ನಿರ್ಧಾರದಿಂದ ಬಂದವು. ವರ್ಷಕ್ಕೆ ಹತ್ತು ಪುಟ ಕೆತ್ತುವ ಅನುವಾದಕ 70 ಸಂಪುಟ ಕೊಡಲಾರ. ನಂತರ ಬಂದವರು ಬಹುಮಟ್ಟಿಗೆ ಅವರ ಪಠ್ಯವನ್ನೇ ಎದುರಿಗಿಟ್ಟುಕೊಂಡು ಮುಂದುವರಿದರು. 1965ರಲ್ಲಿ ಲೆನಾರ್ಡ್ ಕೆಂಟ್ ಮತ್ತು ನಿನಾ ಬೆರ್ಬೆರೊವಾ ‘ಅನ್ನಾ ಕರೆನಿನಾ’ವನ್ನು ಪರಿಷ್ಕರಿಸಿದರು. 1976ರಲ್ಲಿ ರಾಲ್ಫ್ ಮ್ಯಾಟ್ಲಾ ‘ಕರಮಜೊವ್ ಸಹೋದರರು’ ಅನುವಾದವನ್ನು ತಿದ್ದಿ ಹೊರತಂದರು. 1990ರಲ್ಲಿ ರಿಚರ್ಡ್ ಪೆವೆರ್ ಮತ್ತು ಲರಿಸ್ಸಾ ವೊಲೊಖೊನ್‌ಸ್ಕಿ ಹೊಸದಾಗಿ ಅನುವಾದಿಸಿದಾಗಲೂ ಹೋಲಿಕೆಗೆ ಎಲ್ಲರೂ ತೆಗೆದದ್ದು ಗಾರ್ನೆಟ್ ಅವರನ್ನೇ.

ಕನ್ನಡದ ಓದುಗರಿಗೂ ಈ ಕಥೆಗೂ ದೂರದ ನಂಟಿದೆ. ರಷ್ಯನ್ ಸಾಹಿತ್ಯ ನಮ್ಮಲ್ಲಿಗೆ ಬಂದದ್ದು ಬಹುಪಾಲು ಇಂಗ್ಲಿಷಿನ ದಾರಿಯಲ್ಲಿ. ಟಾಲ್‌ಸ್ಟಾಯ್‌ನನ್ನು ಮಹರ್ಷಿಯೆಂದು ಕರೆದು ಮಾಸ್ತಿಯವರು ಕಥೆ ಬರೆದರು. ದೇ. ಜವರೇಗೌಡರು ಅವನ ಬೃಹತ್ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಇಂಗ್ಲಿಷಿನ ಆ ದಾರಿಯನ್ನು ಅಗಲ ಮಾಡಿಕೊಟ್ಟವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಕಾನ್‌ಸ್ಟನ್ಸ್.

ಅವರಿಂದ ನಾವು ಕಲಿಯಬೇಕಾದದ್ದು ಇನ್ನೂ ಉಳಿದಿದೆ. ಹೊರಗಿನ ಲೇಖಕನೊಬ್ಬ ನಮ್ಮ ಭಾಷೆಯಲ್ಲಿ ಬೇರು ಬಿಡಬೇಕಾದರೆ ಒಂದೆರಡು ಕೃತಿ ಸಾಲದು, ಅವನು ಇಡಿಯಾಗಿ ಬರಬೇಕು. ಅದಕ್ಕೆ ವರ್ಷಗಟ್ಟಲೆ ಒಬ್ಬನೇ ಲೇಖಕನ ಜೊತೆ ಬಾಳುವ ಅನುವಾದಕರು ಬೇಕು, ಸಂಪುಟದ ಮೇಲೆ ಸಂಪುಟ ಅಚ್ಚು ಹಾಕುವ ಪ್ರಕಾಶಕರು ಬೇಕು, ಆ ದುಡಿಮೆಗೆ ತಕ್ಕ ಸಂಭಾವನೆಯೂ ಬೇಕು. ಮುಂದಿನವರು ತಪ್ಪು ಹುಡುಕಲಿ, ತಿದ್ದಲಿ, ಮತ್ತೆ ಅನುವಾದಿಸಲಿ. ತಿದ್ದುವುದಕ್ಕಾದರೂ ಮೊದಲು ಯಾರಾದರೂ ಪೂರ್ತಿ ಮಾಡಿಟ್ಟಿರಬೇಕು. ಕಾನ್‌ಸ್ಟನ್ಸ್ ಗಾರ್ನೆಟ್ ನಲವತ್ತು ವರ್ಷ ಮಾಡಿದ್ದು ಆ ಕೆಲಸವನ್ನೇ.